ಸುಣ್ಣ ಜಾಜಿನ ನಾಲ್ಕು ಕಲ್ಲು

ಹಿಕ್ಕೆಯ ಕಾಲಮ್ಮಿನಲ್ಲಿ ಎರಡು ವರ್ಷ ನಾನು ಸೊನ್ನೆಯನ್ನೇ ಬರೆದೆ. ಕುರಿಯ ಹಿಕ್ಕೆ ಎಣಿಸುವುದು ಹೇಳಿಕೊಳ್ಳುವಂಥ ಹೆಮ್ಮೆಯ ಕೆಲಸವಲ್ಲ. ಆದರೆ ಹುಲ್ಲಿನ ಅಧ್ಯಯನ ಅದಿಲ್ಲದೆ ನಡೆಯುವುದಿಲ್ಲ. ಹಿಂಡು ಒಂದು ಜಾಗದಲ್ಲಿ ಮೇಯ್ದು ಹೋಗಿದೆ ಎನ್ನುವುದಕ್ಕೆ ಅದು ಬಿಟ್ಟು ಹೋಗುವ ಗಟ್ಟಿ ಸಾಕ್ಷಿ ಅದೊಂದೇ. ಮೊದಲ ವರ್ಷ ಮಳೆಗೆ ಕೊಚ್ಚಿ ಹೋಗಿರಬೇಕು ಅಂದುಕೊಂಡೆ. ಎರಡನೆಯ ವರ್ಷ ಸಗಣಿ ಹುಳು ಉರುಳಿಸಿಕೊಂಡು ಹೋಗಿರಬೇಕು ಅಂದುಕೊಂಡೆ. ಸೊನ್ನೆ ಬರೆಯುವುದು ಸುಲಭ, ಅದಕ್ಕೆ ಬಗ್ಗಿ ಹುಡುಕಬೇಕಾಗಿಲ್ಲ. ದಿನವಿಡೀ ಹುಲ್ಲು ಕೊಯ್ದು ಮುಗಿಸುವ ಹೊತ್ತಿಗೆ ನನ್ನ ಸೊಂಟ ಬಗ್ಗುವ ಸ್ಥಿತಿಯಲ್ಲೂ ಇರುತ್ತಿರಲಿಲ್ಲ.

ಆ ಗುಡ್ಡ ಸಂತೆಕಲ್ಲೂರಿನಿಂದ ನಡೆದು ಹೋಗುವ ದೂರದಲ್ಲಿದೆ. ಕೆಳಗೆ ಜೋಳ, ತೊಗರಿಯ ಹೊಲ. ಮೇಲೆ ಬಂಡೆ, ಬಂಡೆಗಳ ನಡುವೆ ಹುಲ್ಲು. ದೂರದಿಂದ ನೋಡಿದವರಿಗೆ ಬರೀ ಕಲ್ಲೇ ಕಾಣುತ್ತದೆ. ಸರ್ಕಾರಿ ಕಾಗದದಲ್ಲೂ ಅದು ಬಂಜರು. ಬಂಜರು ಅಂದಮೇಲೆ ಅದನ್ನು ಉದ್ಧಾರ ಮಾಡಬೇಕಲ್ಲ. ಇಳಿಜಾರಿಗೆ ಅಡ್ಡಲಾಗಿ ಟ್ರೆಂಚ್ ಹೊಡೆದು, ಸಸಿ ನೆಟ್ಟು, ಕುರಿ ಹತ್ತದಂತೆ ಗುಡ್ಡವನ್ನೇ ಮುಚ್ಚುವ ಯೋಜನೆಯೊಂದು ಅರಣ್ಯ ಇಲಾಖೆಯ ಮುಂದಿತ್ತು. ಗುಡ್ಡದ ಹುಲ್ಲು ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿರುವುದು ನಿಜವಾಗಿತ್ತು. ಅದು ಕುರಿ ಮೇಯ್ದದ್ದರಿಂದಲೋ, ಮಳೆಯ ವರಸೆ ಕೆಟ್ಟದ್ದರಿಂದಲೋ ಎಂದು ಯಾರೂ ತೂಗಿ ನೋಡಿರಲಿಲ್ಲ. ತೂಗುವ ಕೆಲಸ ಸಿಂಧನೂರಿನ ನಮ್ಮ ಸಂಶೋಧನಾ ತಂಡಕ್ಕೆ ಬಂತು. ನಮ್ಮ ಉತ್ತರ ಬರುವವರೆಗೆ ಕಾಯುತ್ತೇವೆ ಎಂದು ಇಲಾಖೆ ಒಪ್ಪಿತ್ತು. ಆ ಗುಡ್ಡವನ್ನೇ ನಂಬಿ ಚಳಿಗಾಲ ಕಳೆಯುವ ಕುರಿಗಾರರ ಮನೆತನಗಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರಿಗೆ ಹೇಳಬೇಕೆಂದು ನಮಗೂ ಹೊಳೆಯಲಿಲ್ಲ.

ಏರ್ಪಾಡು ಸರಳವಾಗಿತ್ತು. ಗುಡ್ಡದ ಮೇಲೆ ಹತ್ತು ಚೌಕಗಳು. ಐದಕ್ಕೆ ಕುರಿ ನುಗ್ಗದಂತೆ ತಂತಿಯ ಬೇಲಿ, ಐದು ಬಯಲು. ಎರಡರ ಮೇಲೂ ಬೀಳುವ ಮಳೆ ಒಂದೇ. ಬಯಲು ಚೌಕದಲ್ಲಿ ಕುರಿ ಮೇಯುತ್ತದೆ, ಬೇಲಿಯದರಲ್ಲಿ ಮೇಯುವುದಿಲ್ಲ. ಎರಡರ ಹುಲ್ಲಿನ ತೂಕದಲ್ಲಿ ಬರುವ ಅಂತರವೇ ಕುರಿಯ ಪಾಲು.

ಬಯಲು ಚೌಕಗಳ ಮೂಲೆಗೆ ಗುರುತು ಬೇಕಿತ್ತು. ಒಂದೊಂದು ಚೌಕದ ನಾಲ್ಕು ಮೂಲೆಗೆ ನಾಲ್ಕು ಉದ್ದ ಕಲ್ಲು ನೆಟ್ಟು ಸುಣ್ಣ ಬಳಿದೆ. ಒಂದು ಜೋರು ಮಳೆಗೆ ಸುಣ್ಣ ಮಾಸಿತು. ಕಲ್ಲುಗಳ ಗುಡ್ಡದಲ್ಲಿ ನನ್ನ ಕಲ್ಲು ಯಾವುದು ಎಂದು ಹುಡುಕಿಯೇ ಅರ್ಧ ದಿನ ಹೋಯಿತು. ಸಿಟ್ಟಿಗೆದ್ದು ಲಿಂಗಸುಗೂರಿನ ಪೇಟೆಯಿಂದ ಜಾಜು ತಂದು, ಸುಣ್ಣದ ಮೇಲೆ ಎರಡೆರಡು ಕೆಂಪು ಪಟ್ಟೆ ಎಳೆದೆ. ಈಗ ಕೆಳಗಿನ ಹೊಲದಿಂದಲೂ ಕಾಣುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ವರ್ಷಕ್ಕೆ ಎರಡು ಕೊಯ್ಲು. ಒಂದು ಹಿಂಡು ಗುಡ್ಡ ಹತ್ತುವ ಮೊದಲು, ಇನ್ನೊಂದು ಹಿಂಡು ಇಳಿದು ಹೋದ ಮೇಲೆ. ಒಂದು ಮೀಟರಿನ ಕಬ್ಬಿಣದ ಚೌಕಟ್ಟನ್ನು ನೆಲಕ್ಕಿಟ್ಟು ಅದರೊಳಗಿನ ಹುಲ್ಲನ್ನೆಲ್ಲ ಬುಡದಿಂದ ಎರಡು ಬೆರಳು ಬಿಟ್ಟು ಕೊಯ್ಯಬೇಕು. ಕುರಿ ತಿನ್ನುವುದು ಬೇರೆ, ತಿನ್ನದ ವಾಸನೆ ಹುಲ್ಲು ಬೇರೆ, ಬಟ್ಟೆಗೆ ಸೂಜಿಯಂತೆ ಚುಚ್ಚುವುದು ಬೇರೆ ಎಂದು ಬಿಡಿಸಿ, ಚೀಟಿ ಕಟ್ಟಿ, ಬಟ್ಟೆಯ ಚೀಲಕ್ಕೆ ಹಾಕಬೇಕು. ಹಸಿಯಾಗಿರುವಾಗಲೇ ಒಮ್ಮೆ ತೂಗಬೇಕು. ಆಮೇಲೆ ಸಿಂಧನೂರಿಗೆ ಹೊತ್ತುಕೊಂಡು ಹೋಗಿ ಒಲೆಪೆಟ್ಟಿಗೆಯಲ್ಲಿ ಎರಡು ದಿನ ಒಣಗಿಸಿ ಮತ್ತೆ ತೂಗಬೇಕು. ನಡುವೆ ಕರೆಂಟು ಹೋದರೆ ಹುಲ್ಲು ಮುಗ್ಗಲು ವಾಸನೆ ಹಿಡಿಯುತ್ತದೆ. ಎಲ್ಲ ಹಾಳಾಗಿ ಮತ್ತೆ ಮಸ್ಕಿ ಬಸ್ಸು, ಮತ್ತೆ ಟಂಟಂ ಆಟೊ, ಮತ್ತೆ ಗುಡ್ಡ. ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ನನ್ನ ಚೀಲಗಳನ್ನು ನೋಡಿ, "ಎಷ್ಟ್ ದನ ಅದಾವ್ರೀ ಮನ್ಯಾಗ?" ಎಂದು ಕೇಳಿದ್ದ. ಒಂದೂ ಇಲ್ಲ ಅಂದಾಗ ಅವನು ನನ್ನನ್ನು ನೋಡಿದ ಕರುಣೆ ಇನ್ನೂ ನೆನಪಿದೆ.

ಕೊಯ್ಯಲು ತುರ್ವಿಹಾಳದಿಂದ ಒಬ್ಬಾಕೆ ಬರುತ್ತಿದ್ದಳು. ಭತ್ತ ಕೊಯ್ದು ಪಳಗಿದ ಕೈ. ಎಕರೆಗಟ್ಟಲೆ ಗದ್ದೆಯನ್ನು ಬೋಳು ಮಾಡುವಾಕೆಗೆ ಒಂದು ಮೀಟರಿನ ಹುಲ್ಲಿಗೆ ಒಂದು ತಾಸು ಕುಕ್ಕುರುಗಾಲಲ್ಲಿ ಕೂರುವುದು ಹಿಂಸೆ. "ಅಕ್ಕಾರ, ಇದನ್ನ ಒಂದು ಕರು ತಿಂದು ತೇಗೂದ್ರಾಗ ಮುಗಿತೈತಿ. ನಾವು ಇಬ್ರು ಕೂಡಿ ದಿನಾ ಪೂರ್ತಿ ಮಾಡಾಕತ್ತೀವಿ," ಎನ್ನುವಳು. ನಾನು ಚಪ್ಪಲಿಯನ್ನು ಚೌಕದ ಹೊರಗೇ ಬಿಟ್ಟು ಒಳಗೆ ಹೋಗುತ್ತಿದ್ದೆ. ಆಗಷ್ಟೇ ಮೊಳೆತ ಎಳೆ ಹುಲ್ಲು ಅಟ್ಟೆಗೆ ಸಿಕ್ಕಿ ಮುರಿದರೆ ತೂಕ ತಪ್ಪುತ್ತದೆ. ಮುಳ್ಳು ಚುಚ್ಚಿಸಿಕೊಂಡಾದರೂ ಬರಿಗಾಲಲ್ಲೇ ಓಡಾಡುತ್ತಿದ್ದೆ. ನನ್ನ ನೋಡಿ ಆಕೆಯೂ ಬಿಡುತ್ತಿದ್ದಳು. ಹುಲ್ಲಿನ ಬುಡಗಳನ್ನು ಎಣಿಸುವಾಗ ಲೆಕ್ಕ ತಪ್ಪಬಾರದೆಂದು ಇಬ್ಬರೂ ಮಾತಾಡುತ್ತಿರಲಿಲ್ಲ.

ಮಳೆಯಂತೂ ಮೂರು ವರ್ಷವೂ ನಮ್ಮನ್ನು ಆಟ ಆಡಿಸಿತು. ಜೂನಿನ ಮಿರಗದ ಮಳೆಗೆ ಹುಲ್ಲು ಚಿಗುರುತ್ತಿತ್ತು. ಆಮೇಲೆ ಒಂದು ಹನಿ ಇಲ್ಲದೆ ಚಿಗುರೆಲ್ಲ ಕೆಂಪಗೆ ಸುಟ್ಟು ಹೋಗುತ್ತಿತ್ತು. ಮಳೆಗಾಲದ ಕೊನೆಗೆ ಉತ್ತರಿ, ಹಸ್ತದ ಮಳೆ ಒಮ್ಮೆಲೇ ಹೊಡೆದು, ಬಂಡೆಯ ಸಂದಿನ ಹಿಡಿಮಣ್ಣನ್ನೂ ಬೀಜವನ್ನೂ ಕೆಳಗಿನ ಹಳ್ಳಕ್ಕೆ ಇಳಿಸುತ್ತಿತ್ತು. ಎಲ್ಲ ಚೌಕಗಳಲ್ಲೂ ತಿನ್ನುವ ಹುಲ್ಲು ಇಳಿಯಿತು, ವಾಸನೆ ಹುಲ್ಲು ಏರಿತು. ಬೇಲಿಯ ಚೌಕಕ್ಕೂ ಬಯಲು ಚೌಕಕ್ಕೂ ಮಾತ್ರ ಅಂತರವೇ ಇರಲಿಲ್ಲ.

ನಮ್ಮ ಅಧ್ಯಯನದ ಮುಖ್ಯಸ್ಥರಾಗಿದ್ದ ಹಿರಿಯ ವಿಜ್ಞಾನಿಗೆ ಇದು ಹಬ್ಬದೂಟ. ಮೂರನೆಯ ವರ್ಷದ ಎರಡನೆಯ ಕೊಯ್ಲು ಬಾಕಿ ಇರುವಾಗಲೇ ಅವರು ಕರಡು ವರದಿ ಸಿದ್ಧ ಮಾಡಿ ಇಲಾಖೆಗೆ ಕಳಿಸಿದರು. ಕುರಿ ಮೇಯುವುದರಿಂದ ಈ ಗುಡ್ಡದ ಹುಲ್ಲಿಗೆ ಧಕ್ಕೆಯಿಲ್ಲ, ಕಾರಣ ಮಳೆಯೇ, ಗುಡ್ಡ ಮುಚ್ಚುವ ಅಗತ್ಯವಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತು ಅನ್ನಿಸಿತು. ಆದರೂ ಓದಿ ಸಂತೋಷಪಟ್ಟೆ. ಕುರಿಗಾರರ ಪರವಾದ ಮಾತು ನನ್ನ ತಕ್ಕಡಿಯಿಂದ ಬಂತಲ್ಲ ಎಂಬ ಸಂತೋಷ ಅದು.

ಆ ವರ್ಷ ಮಳೆ ತಡವಾಗಿತ್ತು. ಬೀಜ ಉದುರುವುದು ತಡವಾಗಿ, ಹಿಂಡು ಗುಡ್ಡ ಹತ್ತಿದ್ದೂ ತಡವಾಗಿತ್ತು. ನಾನು ಮಾತ್ರ ನನ್ನ ಡೈರಿಯ ತಾರೀಖು ಹಿಡಿದು ಎರಡನೆಯ ಕೊಯ್ಲಿಗೆ ಹೋದೆ. ಹೀಗಾಗಿ ಹಿಂಡು ಗುಡ್ಡದ ಮೇಲಿರುವಾಗ ನಾನೂ ಅಲ್ಲಿದ್ದದ್ದು ಅದೇ ಮೊದಲು.

ಬೆಳಗಿನ ಬಿಸಿಲು. ಹಿಂಡು ಮೇಲಿನಿಂದ ಇಳಿಯುತ್ತಿತ್ತು. ಮುಂದೆ ಒಂದು ದೊಡ್ಡ ಹೋತ, ಹಿಂದೆ ಕುರಿಗಳ ಸಾಲು. ನನ್ನ ಬಯಲು ಚೌಕದ ಹತ್ತಿರ ಬರುತ್ತಲೇ ಹೋತ ಎಡಕ್ಕೆ ಹೊರಳಿತು. ಹಿಂದಿದ್ದ ಕುರಿಗಳು ಹಳ್ಳದ ನೀರು ಬಂಡೆಯನ್ನು ಬಳಸಿ ಹೋಗುವಂತೆ ಎರಡಾಗಿ ಚೌಕವನ್ನು ಸುತ್ತಿ, ಕೆಳಗೆ ಮತ್ತೆ ಒಂದಾದವು. ದಾರಿ ತಪ್ಪಿದ ಒಂದು ಮರಿ ಕಲ್ಲು ದಾಟಿ ಒಳಗೆ ಕಾಲಿಟ್ಟಿತು. ಹಿಂದೆ ಬರುತ್ತಿದ್ದ ಕುರಿಗಾರರ ಹಿರಿಯಳು ಓಡಿ ಬಂದು, ಕಾಲಿನ ಚಪ್ಪಲಿ ಆಚೆ ಕಳಚಿ, ಒಳಗೆ ಹೋಗಿ ಮರಿಯನ್ನು ಎತ್ತಿಕೊಂಡಳು. ಹೊರಗೆ ಬಂದು ಕಲ್ಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು.

ನಾನು ಇನ್ನೊಂದು ಚೌಕದ ಹತ್ತಿರ ಪೆನ್ನು ಹಿಡಿದು ನಿಂತಿದ್ದೆ. ಅದನ್ನು ಜೇಬಿಗಿಟ್ಟು ಆಕೆಯ ಬಳಿ ಹೋದೆ.

"ಯಮ್ಮಾ, ಕುರಿ ಯಾಕ ಒಳಗ ಬಿಡಂಗಿಲ್ಲ?" ಎಂದು ಕೇಳಿದೆ.

ಆಕೆಗೆ ಅರವತ್ತರ ಆಸುಪಾಸು. ಮರಿಯನ್ನು ಕಂಕುಳಲ್ಲಿ ಅವುಚಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಿಂಗ್ಯಾಕ ಕೇಳ್ತೀರಿ? ಸುಣ್ಣ ಜಾಜು ಬಳದಾಕಿ ನೀವ. ಚಪ್ಪಲ್ ಹೊರಗ ಬಿಟ್ಟು ಒಳಗ ಹೋಗಾಕಿ ನೀವ. ಮಾತಿಲ್ಲ ಕತಿಯಿಲ್ಲ, ಮೊಣಕಾಲೂರಿ ಕುಂತು, ಒಂದ್ ಹಿಡಿ ಹುಲ್ಲು ಕೊಯ್ದು ಅರಿವ್ಯಾಗ ಕಟ್ಟಿಕೊಂಡು ಹೋಗ್ತೀರಿ. ಊರ ಮಂದಿ ನೋಡ್ಯಾರ. ಏನೋ ಹರಕಿ ಇರಬೇಕು ಅಂತ ತಿಳಕೊಂಡೀವಿ."

"ಅದು ದೇವ್ರಲ್ಲ ಯಮ್ಮಾ."

"ನಿಮ್ಮ ದೇವ್ರು ಯಾವುದೋ ನಮಗೇನ್ ಗೊತ್ರೀ. ಯಾರ ದೇವ್ರಾದ್ರೂ ಕುರಿ ಕಾಲಾಗ ತುಳಿಸಬಾರ್ದು."

ಪಕ್ಕದಲ್ಲಿ ಕುಡುಗೋಲು ಹಿಡಿದು ನಿಂತಿದ್ದ ತುರ್ವಿಹಾಳದಾಕೆಯ ಕಡೆ ತಿರುಗಿದೆ. ಅವಳು ನೆಲ ನೋಡುತ್ತಿದ್ದಳು.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ರೀ ಅಕ್ಕಾರ. ನಿಮಗೂ ಗೊತ್ತೈತಿ ಅಂತ ತಿಳಕೊಂಡಿದ್ದೆ." ಆಮೇಲೆ ಸಣ್ಣ ದನಿಯಲ್ಲಿ, "ಮಗಳ ಹೆರಿಗಿ ಟೈಮಿನ್ಯಾಗ ನಾನೂ ಒಂದು ಕಾಯಿ ಒಡದೀನಿ. ಕೂಸು ಚಲೋ ಹುಟ್ಟೇತಿ," ಎಂದಳು.

ಚೌಕದ ಬಳಿ ತೆಂಗಿನ ಚಿಪ್ಪುಗಳನ್ನು ನಾನು ನೋಡಿದ್ದೆ. ಯಾರೋ ಬುತ್ತಿ ಕಟ್ಟಿಕೊಂಡು ಬಂದವರು ಬಿಸಾಡಿದ್ದು ಅಂದುಕೊಂಡು, ಕಸವೆಂದು ಹೆಕ್ಕಿ ದೂರ ಎಸೆದಿದ್ದೆ.

ಐದೂ ಬಯಲು ಚೌಕಗಳನ್ನು ಅವತ್ತೇ ಸುತ್ತಿದೆ. ಎಲ್ಲದರ ಹೊರಗೆ ಹಿಕ್ಕೆ ಚೆಲ್ಲಿತ್ತು, ಒಳಗೆ ಒಂದೂ ಇಲ್ಲ. ಮೂರು ವರ್ಷ ನಾನು ತೂಗಿದ್ದು ಬೇಲಿಯೊಳಗಿನ ಹುಲ್ಲನ್ನು, ಮತ್ತು ಬೇಲಿಯೊಳಗಿನ ಹುಲ್ಲನ್ನೇ. ಒಂದು ಬೇಲಿ ತಂತಿಯದು, ಇನ್ನೊಂದು ಭಕ್ತಿಯದು. ಎರಡರಲ್ಲೂ ಕುರಿಯಿಲ್ಲ. ಅಂತರ ಎಲ್ಲಿಂದ ಬರಬೇಕು?

ಸಿಂಧನೂರಿಗೆ ಮರಳುವ ಬಸ್ಸಿನಲ್ಲಿ ಖಾಲಿ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ನಮ್ಮ ಮನೆಯಲ್ಲಿ ಬುದ್ಧನ ಒಂದು ಪಟ ಬಿಟ್ಟರೆ ಬೇರೆ ಏನೂ ಇಲ್ಲ. ಕಲ್ಲಿಗೆ ಕೈ ಮುಗಿಯುವ ರೂಢಿ ಅಪ್ಪನ ಕಾಲಕ್ಕೇ ಮುಗಿದಿತ್ತು. ಸುಣ್ಣ ಜಾಜು ಅಂದರೆ ಗುಡಿಯ ಗೋಡೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ನಾನು ನೆಟ್ಟ ಕಲ್ಲನ್ನು ಯಾರಾದರೂ ಹಾಗೆ ನೋಡಿಯಾರು ಎಂಬುದು ತಲೆಗೇ ಬರಲಿಲ್ಲ. ನನ್ನ ಅಜ್ಜಿ ಅಂಥ ಗೋಡೆಯ ಮುಂದೆ ಹಾಯುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತಂತೆ. ಒಳಗೆ ಹೋಗುವ ಮಾತು ದೂರವೇ ಉಳಿಯಿತು. ಅವಳ ಮೊಮ್ಮಗಳು ನೆಟ್ಟ ಕಲ್ಲಿಗಾಗಿ ಇವರು ಮೂರು ವರ್ಷ ಹಿಂಡನ್ನೇ ಸುತ್ತುದಾರಿಯಲ್ಲಿ ಹೊಡೆದುಕೊಂಡು ಹೋಗಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಸ್ಕಿ ದಾಟಿದ ಮೇಲೆ ಸ್ವಲ್ಪ ಅತ್ತೆ.

ಮರುದಿನ ಹಿರಿಯ ವಿಜ್ಞಾನಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

"ಬಚ್ಚಿಡಿ ಅಂತ ನಾನು ಹೇಳ್ತಿಲ್ಲ," ಅಂದರು. "ಆದರೆ ಯೋಚನೆ ಮಾಡಿ. ಕರಡು ಇಲಾಖೆಯ ಕೈಯಲ್ಲಿದೆ. ಈಗ ಹೋಲಿಕೆಯೇ ತಪ್ಪು ಅಂದರೆ ಅವರು ನಾಳೆಯೇ ಗುಡ್ಡ ಮುಚ್ತಾರೆ. ಕುರಿಯವರಿಗೆ ಒಳ್ಳೇದಾಗುವಂಥ ತಪ್ಪು ಇದು. ತಿದ್ದಿ ಅವರನ್ನೇ ಬೀದಿಗೆ ಹಾಕ್ತೀರಾ? ನಿರ್ಧಾರ ನಿಮಗೇ ಬಿಟ್ಟಿದ್ದೀನಿ."

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನಾಲ್ಕು ದಿನ ತಲೆಯ ಮೇಲೆ ಕೈ ಹೊತ್ತು ಕುಳಿತೆ. ಸುಮ್ಮನಿದ್ದರೆ ಗುಡ್ಡ ಅವರಿಗೆ ಉಳಿಯುತ್ತದೆ, ನನ್ನ ಮೂರು ವರ್ಷವೂ ಉಳಿಯುತ್ತದೆ. ಹೇಳಿದರೆ ಎರಡೂ ಹೋಗುತ್ತವೆ. ಆದರೆ ಬೇರೆ ಗುಡ್ಡಗಳಲ್ಲೂ ನಾಳೆ ನನ್ನ ಈ ಅಂಕಿಯನ್ನೇ ತೋರಿಸುತ್ತಾರೆ. ಕುರಿಯಿಂದ ನಿಜವಾಗಿಯೂ ಹುಲ್ಲು ಸಾಯುತ್ತಿದ್ದರೆ, ಗುಡ್ಡ ಉಳಿದೂ ಏನು ಮೇಯಿಸುತ್ತಾರೆ? ಐದನೆಯ ದಿನ ಮತ್ತೆ ಗುಡ್ಡಕ್ಕೆ ಹೋದೆ. ಯಾರ ಗುಡ್ಡವೋ ಅವರನ್ನೊಮ್ಮೆ ಕೇಳೋಣ ಅನ್ನಿಸಿತು. ಮೂರು ವರ್ಷದಲ್ಲಿ ಅದು ಅನ್ನಿಸಿದ್ದು ಆಗಲೇ.

ಹಿರಿಯಳು ಬಂಡೆಯ ನೆರಳಲ್ಲಿ ಕುಳಿತು ಕದರು ತಿರುಗಿಸುತ್ತ ಉಣ್ಣೆ ನೂಲುತ್ತಿದ್ದಳು. ಇಲಾಖೆಯ ಯೋಜನೆಯಿಂದ ಹಿಡಿದು ಹಿಕ್ಕೆಯ ಸೊನ್ನೆಯವರೆಗೆ ಎಲ್ಲವನ್ನೂ ಹೇಳಿದೆ. ಕದರು ನಿಂತಿತು.

"ಅಂದ್ರ, ನಮ್ಮ ಕುರಿ ಹುಲ್ಲು ಕದಿಯೂದನ್ನ ಹಿಡ್ಯಾಕ ಕಲ್ಲು ನೆಟ್ಟಿದ್ರಿ?"

"ಹಂಗಲ್ಲ ಯಮ್ಮಾ..."

"ಹಂಗ. ಬೇಲಿ ಹಾಕಿದಾಗ ಕೇಳಲಿಲ್ಲ. ಕಲ್ಲು ನೆಟ್ಟಾಗ ಕೇಳಲಿಲ್ಲ. ಈಗ ಕೆಟ್ಟ ಮ್ಯಾಲ ಕೇಳಾಕ ಬಂದೀರಿ. ಮದಲ ದಿನ ಒಂದು ಮಾತು ಹೇಳಿದ್ರ ನಾನ ಕುರಿ ಹೊಡಕೊಂಡು ಬಂದು ಮೇಯಿಸಿ ಕೊಡ್ತಿದ್ದೆ. ನಿಮಗೂ ಹೈರಾಣ, ನಮಗೂ ಹೈರಾಣ."

ನಾನು ತಲೆ ತಗ್ಗಿಸಿದೆ. ನನ್ನ ಕಾರ್ಯವಿಧಾನದ ಪುಸ್ತಕದಲ್ಲಿ ಚೌಕಟ್ಟಿನ ಅಳತೆ ಇತ್ತು, ಚೀಲದ ಬಟ್ಟೆ ಯಾವುದಿರಬೇಕೆಂದೂ ಇತ್ತು. ಗುಡ್ಡದವರನ್ನು ಮೊದಲು ಕೇಳಿ ಎಂಬ ಸಾಲು ಮಾತ್ರ ಇರಲಿಲ್ಲ.

ಆಕೆ ಮೇಯುತ್ತಿದ್ದ ಹಿಂಡಿನ ಕಡೆ ತಿರುಗಿದಳು. "ನಮ್ಮ ಮಾವನ ಕಾಲದಾಗ ಬೀಜ ಉದುರಿದ ಮ್ಯಾಲೇ ಗುಡ್ಡ ಹತ್ತೂದು. ಕಾಲಾಗ ತುಳದ ಬೀಜ ಮಣ್ಣಾಗ ಹೋಗಿ ಮರು ವರ್ಷ ಏಳ್ತಿತ್ತು. ಈಗ ಮಳಿಗೆ ಹೊತ್ತಿಲ್ಲ ಗೊತ್ತಿಲ್ಲ. ಹಸಿಬೀಜ ಇದ್ದಾಗ್ಲೇ ಹತ್ತಿದ ವರ್ಷನೂ ಐತಿ. ಕೆಳಗ ಹೊಲದಾಗ ನಿಲ್ಲಾಕ ಜಾಗಾ ಇಲ್ಲ, ಎಲ್ಲಿಗೆ ಹೋಗೂದು? ನಮ್ಮಿಂದ ಹುಲ್ಲು ಕೆಡಾಕತ್ತೈತೋ ಮಳಿಯಿಂದ ಕೆಡಾಕತ್ತೈತೋ, ಖರೇ ಹೇಳ್ಬೇಕಂದ್ರ ನನಗೂ ಗೊತ್ತಿಲ್ಲ."

"ನಾ ಖರೇ ಬರದ್ರ ಗುಡ್ಡ ಮುಚ್ಚಬಹುದು."

"ಮುಚ್ಚಿದ್ರ ಜಗಳಾ ಮಾಡ್ತೀವಿ. ಹುಲ್ಲೇ ಮುಗದ್ರ ಯಾರ ಕೂಡ ಜಗಳಾ ಮಾಡೂದು?" ಕದರು ಮತ್ತೆ ತಿರುಗಿತು. "ಬರೀರಿ. ಆದ್ರ ಇನ್ನೊಂದು ವರ್ಷ ಕೊಡ್ರಿ ಅಂತ ಬರೀರಿ. ಈ ಸಲ ನಮ್ಮನ್ನ ಕೇಳಿ ತೂಗ್ರಿ."

ಅವತ್ತು ಸಂಜೆಗೆ ಮೊದಲೇ ಇಲಾಖೆಗೆ ಪತ್ರ ಬರೆದೆ. ತಪ್ಪು ನನ್ನದು, ಕಲ್ಲಿಗೆ ಜಾಜು ಬಳಿದವಳು ನಾನು, ಬಯಲು ಚೌಕಗಳಲ್ಲಿ ಕುರಿ ಮೇಯ್ದಿಲ್ಲ, ಆದ್ದರಿಂದ ಹೋಲಿಕೆ ಸಲ್ಲದು, ಸರಿಯಾಗಿ ತೂಗಲು ಇನ್ನೊಂದು ವರ್ಷ ಕೊಡಿ. ಒಂದು ಮಾತನ್ನು ಸೇರಿಸಿದೆ: ಕುರಿ ಕಾಲಿಡದ ಹತ್ತೂ ಚೌಕಗಳಲ್ಲಿ ತಿನ್ನುವ ಹುಲ್ಲು ಇಳಿದಿದೆ, ಹೀಗಾಗಿ ಗುಡ್ಡ ಮುಚ್ಚಿದ ಮಾತ್ರಕ್ಕೆ ಹುಲ್ಲು ಮರಳುತ್ತದೆಂದು ಹೇಳಲಾಗದು. ಮೂರು ವರ್ಷದ ಕೆಲಸದಲ್ಲಿ ಉಳಿದದ್ದು ಆ ಒಂದು ವಾಕ್ಯ. ಹಿರಿಯ ವಿಜ್ಞಾನಿ ಪತ್ರಕ್ಕೆ ಸಹಿ ಹಾಕಿದರು. ಆಮೇಲೆ ಬಹಳ ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಇಲಾಖೆ ಅರ್ಧ ಕೇಳಿತು. ಕೆಳಗಿನ ಇಳಿಜಾರಿನಲ್ಲಿ ಬೇಸಿಗೆಗೇ ಜೆಸಿಬಿ ಬಂತು. ಅದು ಹುಲ್ಲಿನ ಬೇರನ್ನು ಮಣ್ಣಿನ ಸಮೇತ ಮಗುಚಿ ಹಾಕುವುದನ್ನು ನಿಂತು ನೋಡಿದೆ. ನೆಟ್ಟ ಸಸಿಗಳಲ್ಲಿ ಬಹಳಷ್ಟು ಮಿರಗದ ನಂತರದ ಬಿಸಿಲಿಗೆ ಒಣಗಿದವು. ಮೇಲಿನ ಅರ್ಧಕ್ಕೆ ಒಂದು ವರ್ಷದ ಗಡುವು ಸಿಕ್ಕಿತು. ಆ ವರ್ಷದ ತೂಕ ನೋಡಿ ತೀರ್ಮಾನ.

ನನ್ನ ಚೌಕಗಳೆಲ್ಲ ಮೇಲಿನ ಅರ್ಧದಲ್ಲೇ ಇದ್ದವು. ಕಲ್ಲುಗಳನ್ನು ಕಿತ್ತೆವು. ಮೂಲೆಗಳಲ್ಲಿ ಕಬ್ಬಿಣದ ಮೊಳೆ ಹೊಡೆದು ಮೇಲೆ ಮಣ್ಣೆಳೆದೆವು. ಕಿತ್ತ ಕಲ್ಲನ್ನು ಎಲ್ಲೆಂದರಲ್ಲಿ ಎಸೆಯಲು ತುರ್ವಿಹಾಳದಾಕೆ ಒಪ್ಪಲಿಲ್ಲ. ಒಂದೊಂದನ್ನೂ ತೊಳೆದು, ಕೆಂಪು ಬಿಳಿ ಹೋಗುವವರೆಗೆ ಉಜ್ಜಿ, ಬಂಡೆಯ ಮಗ್ಗುಲಿಗೆ ಮಲಗಿಸಿದಳು. "ಇಷ್ಟ್ ದಿನ ಕಾಯ್ದಾವ್ರೀ," ಎಂದಳು. ನಾನು ನೀರು ಹೊತ್ತು ಕೊಟ್ಟೆ.

ಬೀಜ ಉದುರಿದ ಮೇಲೆ ಹಿರಿಯಳಿಂದ ಫೋನು ಬಂತು: "ನಾಳಿ ಹತ್ತಾಕತ್ತೀವಿ, ಬರ್ರಿ." ಹೋದೆ. ಹಿಂಡು ಗುಡ್ಡ ಹತ್ತಿ ಬಂತು, ಮುಂದೆ ಅದೇ ಹೋತ. ಕಲ್ಲಿಲ್ಲ, ಬಣ್ಣವಿಲ್ಲ, ಸುತ್ತ ಇರುವಂಥದ್ದೇ ಹುಲ್ಲು. ಹೋತ ಚೌಕದ ಅಂಚಿಗೆ ಬಂದು ನಿಂತಿತು. ಎಡಕ್ಕೆ ಹೊರಳಿತು. ಹಿಂಡು ಎರಡಾಗಿ, ಏನೂ ಇಲ್ಲದ ಜಾಗವನ್ನು ಬಳಸಿಕೊಂಡು ಹೋಯಿತು.

ಹಿರಿಯಳು ಕೋಲೂರಿ ನಕ್ಕಳು. "ನನಗ ಹೇಳಿದ್ರಿ, ನಾ ತಿಳಕೊಂಡೆ. ಅವುಕ್ಕ ಯಾರ್ ಹೇಳಬೇಕು?" ಆಕೆ ಹೋತದ ಕೊಂಬು ಹಿಡಿದು ಎಳೆದಳು. ಅದು ನಾಲ್ಕೂ ಕಾಲು ನೆಲಕ್ಕೆ ಊರಿತು. ಆಕೆ ನನ್ನ ಕಡೆ ನೋಡಿದಳು. "ನೀವ ಕಲಿಸೀರಿ. ನೀವ ಬಿಡಸ್ರಿ."

ನಾನು ಅಂಚಿಗೆ ಹೋದೆ. ರೂಢಿಯಂತೆ ಬಲಗಾಲು ತಾನಾಗಿ ಚಪ್ಪಲಿಯಿಂದ ಹೊರಬಂತು. ಅಜ್ಜಿ ನೆನಪಾದಳು. ಕಾಲನ್ನು ಮತ್ತೆ ಒಳಗೆ ತೂರಿಸಿ, ಚಪ್ಪಲಿಯ ಸಮೇತ ಆ ಹುಲ್ಲಿನ ಮೇಲೆ ನಡೆದೆ. ಮೂರು ವರ್ಷ ಮೊಣಕಾಲೂರಿ ಕಾದ ಹುಲ್ಲು ಅಟ್ಟೆಯ ಕೆಳಗೆ ಚರಚರ ಮುರಿಯಿತು. ನಡುವಿಗೆ ಹೋಗಿ ನಿಂತು, ಹಿರಿಯಳು ಕರೆಯುವ ಹಾಗೆಯೇ ನಾಲಿಗೆ ಲೊಚಗುಟ್ಟಿ ಕರೆದೆ. ಹೋತ ಕಿವಿ ನಿಮಿರಿಸಿ ನನ್ನನ್ನು ನೋಡಿತು, ಹಿರಿಯಳನ್ನು ನೋಡಿತು. ಆಮೇಲೆ ಒಂದು ಕಾಲು ಒಳಗಿಟ್ಟಿತು.

ಕುರಿಗಳು ನನ್ನ ಸುತ್ತ ತುಂಬಿಕೊಂಡು ಬಾಯಿ ಹಾಕಿದವು. ಅವು ಎಷ್ಟು ತಿನ್ನುತ್ತವೋ ಅಷ್ಟು ನನ್ನ ತಕ್ಕಡಿಯಲ್ಲಿ ಕಡಿಮೆ ಬೀಳುತ್ತದೆ, ಮತ್ತು ಅದನ್ನು ನಾನು ಬರೆಯುತ್ತೇನೆ. ಹಿರಿಯಳಿಗೂ ಅದು ಗೊತ್ತಿತ್ತು. ಆಕೆ ಹಿಂದೆ ಉಳಿದಿದ್ದ ಕುರಿಗಳನ್ನೂ ಕೋಲಿನಿಂದ ಒಳಗೆ ಅಟ್ಟುತ್ತಿದ್ದಳು.